ಭಜ್ಜಿ ಉಂಡ ವಾರದ ಐಎನ್‌ಆರ್

ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ಮೇಲೂ ಬೀದರ್, ಕಲಬುರಗಿ ಕಡೆಯ ಮನೆಗಳಲ್ಲಿ ಎರಡು ಮೂರು ದಿನಕ್ಕಾಗುವಷ್ಟು ಭಜ್ಜಿ ಉಳಿದಿರುತ್ತದೆ. ಮೆಂತ್ಯ, ಪಾಲಕ್, ಹಸಿ ತೊಗರಿ, ಹಸಿ ಕಡಲೆ ಹಾಕಿ ಕುದಿಸಿದ ಭಜ್ಜಿ, ಜೊತೆಗೆ ಸಜ್ಜೆ ರೊಟ್ಟಿ. ‘ರಕ್ತ ತೆಳ್ಳಗ ಮಾಡೋ ಗುಳಿಗಿ’ ನುಂಗುವವರು ಆ ದಿನಗಳಲ್ಲಿ ಹೊತ್ತು ಹೊತ್ತಿಗೂ ಅದನ್ನೇ ಉಂಡರೆ, 2.4 ಇದ್ದ ಐಎನ್‌ಆರ್, ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಂಕಿ, ಮುಂದಿನ ಪರೀಕ್ಷೆಯಲ್ಲಿ 1.7ಕ್ಕೆ ಇಳಿದಿರಬಹುದು. ಒಂದು ದಿನವೂ ಗುಳಿಗಿ ತಪ್ಪಿಸಿಲ್ಲವಲ್ಲ ಎಂದು ಮನೆಯವರು ಗಾಬರಿಯಾಗುತ್ತಾರೆ. ಇಳಿಸಿದ್ದು ಸೊಪ್ಪಿನಲ್ಲಿರುವ ವಿಟಮಿನ್ ಕೆ. ಕುದಿಸಿದರೂ ಅದು ಹೋಗುವುದಿಲ್ಲ.

ಹೆಸರು ಹಾಗಿದ್ದರೂ ಈ ಗುಳಿಗಿ ರಕ್ತವನ್ನು ತೆಳ್ಳಗೆ ಮಾಡುವುದಿಲ್ಲ, ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಹೆಪ್ಪುಗಟ್ಟಲು ಬೇಕಾದ ನಾಲ್ಕು ಪ್ರೋಟೀನುಗಳನ್ನು ಯಕೃತ್ತು ವಿಟಮಿನ್ ಕೆ ಬಳಸಿ ತಯಾರಿಸುತ್ತದೆ. ಅಸಿಟ್ರಾಮ್ ಎಂದು ಸಿಗುವ ಅಸೆನೋಕೌಮರಾಲ್ ಆಗಲಿ, ವಾರ್ಫರಿನ್ ಆಗಲಿ, ಆ ವಿಟಮಿನ್ ಮತ್ತೆ ಮತ್ತೆ ಬಳಕೆಗೆ ಬರದಂತೆ ತಡೆಯುತ್ತವೆ. ಅಡ್ಡಾದಿಡ್ಡಿ ಬಡಿಯುವ ಹೃದಯದಲ್ಲಿ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್ ಇದ್ದವರಲ್ಲಿ, ಮೇಲಿನ ಕೋಣೆ ಸರಿಯಾಗಿ ಕುಗ್ಗದೆ ಬರೀ ನಡುಗುತ್ತದೆ. ಎಡಕೋಣೆಯ ಮೂಲೆಯಲ್ಲಿರುವ ಸಣ್ಣ ಚೀಲದಲ್ಲಿ ರಕ್ತ ನಿಂತು ಗಡ್ಡೆಯಾಗುತ್ತದೆ. ಆ ಗಡ್ಡೆ ಕಿತ್ತು ಮೆದುಳಿಗೆ ಹೋಗಿ ಸಿಕ್ಕಿಕೊಂಡರೆ ಲಕ್ವಾ. ಈ ತೊಂದರೆ ಇರುವವರಿಗೆ ಲಕ್ವಾದ ಅಪಾಯ ಸುಮಾರು ಐದು ಪಟ್ಟು. ವಾರ್ಫರಿನ್ ಅದರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿಸುತ್ತದೆ. ಆಸ್ಪಿರಿನ್‌ಗೆ ಆ ಶಕ್ತಿ ಇಲ್ಲ.

ರೋಗಿಗೆ ಕಷ್ಟ ಎಲ್ಲಿ ಬರುತ್ತದೆ ಎಂದರೆ, ಗುಳಿಗಿಯ ಲಾಭ ಅವರ ಕಣ್ಣಿಗೆ ಕಾಣುವುದೇ ಇಲ್ಲ. ಲಕ್ವಾ ಆಗಲಿಲ್ಲ ಎಂಬುದು ಮೈಗೆ ತಿಳಿಯುವ ಸಂಗತಿಯಲ್ಲ. ಹಲ್ಲುಜ್ಜುವಾಗ ಬರುವ ರಕ್ತ, ಎಲ್ಲಿ ತಾಗಿತೋ ಗೊತ್ತಿಲ್ಲದೆ ಮೂಡಿದ ನೀಲಿ ಕಲೆ, ಕುಡುಗೋಲು ತಾಗಿ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಗಾಯ, ಇವು ಮಾತ್ರ ಕಾಣುತ್ತವೆ. ‘ಆರಾಮ ಇದ್ದೀನಲ್ಲ, ಯಾಕ ಬೇಕು ಈ ಗುಳಿಗಿ?’ ಎಂದು ಬಿಟ್ಟುಬಿಡುತ್ತಾರೆ. ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಉತ್ತರ ಹೇಳುವಷ್ಟು ಹೊತ್ತು ಅವರ ಮುಂದೆ ಯಾರೂ ಕೂರುವುದಿಲ್ಲ, ಅದು ತಪ್ಪು. ಅಸಿಟ್ರಾಮ್ ಬಿಟ್ಟ ಎರಡು ಮೂರು ದಿನದಲ್ಲೇ ರಕ್ಷಣೆ ಹೋಗಿಬಿಡುತ್ತದೆ.

ಬಹುತೇಕರಿಗೆ ಐಎನ್‌ಆರ್ 2ರಿಂದ 3ರೊಳಗೆ ಇರಬೇಕು. ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಲೋಹದ ಕವಾಟ (ಮೈಟ್ರಲ್ ಕವಾಟ) ಹಾಕಿಸಿಕೊಂಡವರಿಗೆ 2.5ರಿಂದ 3.5. ಇವತ್ತು ನುಂಗಿದ ಗುಳಿಗಿಯ ಪೂರ್ತಿ ಪರಿಣಾಮ ನಾಳೆಯೇ ಸಿಗದು, ಏಕೆಂದರೆ ಮೊದಲೇ ತಯಾರಾದ ಪ್ರೋಟೀನು ಸವೆಯಲು ಕೆಲವು ದಿನ ಬೇಕು. ಡೋಸ್ ಬದಲಿಸಿದ ಮರುದಿನವೇ ಪರೀಕ್ಷೆ ಮಾಡಿಸಿದರೆ ಸುರಪುರದಿಂದ ಕಲಬುರಗಿಗೆ ಬಂದ ಬಸ್ ಖರ್ಚೂ ದಂಡ, ಆ ದಿನದ ಕೂಲಿಯೂ ದಂಡ. ರಕ್ತ ತೆಗೆಯುವಾಗ ಒಂದು ಮಾತು ಗಮನದಲ್ಲಿರಲಿ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ. ಅದರ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಬೀಳಬೇಕು. ಗೆರೆಯ ತನಕ ತುಂಬದಿದ್ದರೆ ಐಎನ್‌ಆರ್ ಸುಳ್ಳೇ ಹೆಚ್ಚು ಬರುತ್ತದೆ, ಅದನ್ನು ನಂಬಿ ಡೋಸ್ ಇಳಿಸಿಬಿಡುತ್ತಾರೆ.

‘ಒಂದು ದಿನ 2 ಮಿಲಿಗ್ರಾಂ, ಮರುದಿನ 3’ ಎಂದು ಚೀಟಿಯಲ್ಲಿ ಬರೆದಿದ್ದರೆ ತಪ್ಪು ಆಗಿಯೇ ಆಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಡೀ ಆಯಾ ದಿನದ ಮನೆಯಲ್ಲಿ 2, 3 ಎಂದು ಮೊದಲೇ ಬರೆದಿಟ್ಟು, ಸಂಜೆ ನುಂಗಿದ ಕೂಡಲೇ ಗೀಟು ಹಾಕುವುದು ಒಳ್ಳೆಯದು. ರಾತ್ರಿ ನೆನಪಾದರೆ ಆಗಲೇ ನುಂಗಬಹುದು. ಮರುದಿನ ನೆನಪಾದರೆ ಹೋದದ್ದು ಹೋಯಿತು, ಎರಡು ಕೂಡಿಸಿ ನುಂಗಲೇಬಾರದು. ಅಂಗಡಿಯವರು ಕತ್ತರಿಸಿ ಕೊಡುವ ಸ್ಟ್ರಿಪ್‌ನಲ್ಲಿ ಮಿಲಿಗ್ರಾಂ ಅಂಕಿ ಉಳಿದಿದೆಯೇ ಎಂದು ಅಲ್ಲೇ ನೋಡಿಕೊಳ್ಳಿ.

ನಮ್ಮ ಕಡೆ ಹೆಚ್ಚು ಅಪಾಯ ತರುವುದು ಸೊಂಟನೋವಿನ ಇಂಜೆಕ್ಷನ್. ತೊಗರಿ ಕೊಯ್ಲಿನ ದಿನಗಳಲ್ಲಿ ಮೈಕೈ ನೋವೆಂದು ಊರಲ್ಲೇ ಡೈಕ್ಲೋಫಿನಾಕ್ ಸೂಜಿ ಹಾಕಿಸಿಕೊಂಡರೆ ಚುಚ್ಚಿದ ಸ್ನಾಯುವಿನೊಳಗೆ ರಕ್ತ ತುಂಬಿ ಊದಬಹುದು, ಹೊಟ್ಟೆಯೊಳಗೂ ಸೋರಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಏರಿಸುತ್ತದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಬೇಸಿಗೆಯಲ್ಲಿ ವಾಂತಿ ಭೇದಿಯಾಗಿ ಊಟ ಬಿಟ್ಟರೂ ಏರುತ್ತದೆ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕೆಂಪಾದರೆ, ತಲೆಗೆ ಪೆಟ್ಟು ಬಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಅದೇ ದಿನ ದವಾಖಾನಿಗೆ ಹೋಗಬೇಕು. ಇಷ್ಟಕ್ಕೆಲ್ಲ ಹೆದರಿ ಸೊಪ್ಪು ಬಿಡಬೇಕಿಲ್ಲ. ವಾರವಾರವೂ ಸರಿಸುಮಾರು ಅಷ್ಟೇ ಉಂಡರೆ ಸಾಕು, ಅದಕ್ಕೆ ತಕ್ಕಂತೆ ಗುಳಿಗಿ ಹೊಂದಿಸುತ್ತಾರೆ.

ಅಪಿಕ್ಸಬಾನ್, ಡಾಬಿಗಾಟ್ರಾನ್‌ನಂತಹ ಹೊಸ ಔಷಧಗಳಿಗೆ ಐಎನ್‌ಆರ್ ಓಡಾಟವಿಲ್ಲ, ಭಜ್ಜಿಯ ಚಿಂತೆಯೂ ಇಲ್ಲ. ಆದರೆ ಲೋಹದ ಕವಾಟ ಇದ್ದವರಿಗೆ, ಚಿಕ್ಕಂದಿನ ಕೀಲುಜ್ವರದಿಂದ ಮೈಟ್ರಲ್ ಕವಾಟ ಹೆಚ್ಚು ಕಿರಿದಾದವರಿಗೆ ಇವು ಸಲ್ಲವು. ಇದೇ ಕೀಲುಜ್ವರದಿಂದ ಹೃದ್ರೋಗ ಬಂದು ಏಟ್ರಿಯಲ್ ಫಿಬ್ರಿಲೇಷನ್ ಇರುವವರಲ್ಲಿ, ರಿವರೊಕ್ಸಬಾನ್ ಎಂಬ ಇನ್ನೊಂದು ಹೊಸ ಔಷಧಕ್ಕಿಂತ ಹಳೆಯ ಗುಳಿಗಿಯೇ ಮೇಲು ಎಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಅಪಿಕ್ಸಬಾನ್ ದಿನಕ್ಕೆ ಎರಡು ಹೊತ್ತಿನದು, ಒಂದು ಹೊತ್ತು ತಪ್ಪಿದರೂ ಬೇಗ ಬಲ ಕಳೆದುಕೊಳ್ಳುತ್ತದೆ. ಡಾಬಿಗಾಟ್ರಾನ್ ಕ್ಯಾಪ್ಸೂಲ್ ಬಿಚ್ಚಿ ಪುಡಿ ನುಂಗಬಾರದು, ತೇವ ತಾಗದಂತೆ ಮೂಲ ಪ್ಯಾಕಿನಲ್ಲೇ ಇಡಬೇಕು.

ಗುಳಿಗಿ ನುಂಗುತ್ತಿದ್ದರೂ ಬಾಯಿ ಸೊಟ್ಟಗಾದರೆ, ಒಂದು ಕೈ ಬಿದ್ದುಹೋದರೆ, ಮಾತು ತೊದಲಿದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಸಮಯ ನಾಲ್ಕೂವರೆ ಗಂಟೆ ಮಾತ್ರ, ಐಎನ್‌ಆರ್ 1.7 ಮೀರಿದ್ದರೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ಗುಳಿಗಿಯ ಸ್ಟ್ರಿಪ್, ಐಎನ್‌ಆರ್ ಬರೆದ ಪುಸ್ತಕ ಎರಡನ್ನೂ ಜೊತೆಗೆ ಒಯ್ಯಿರಿ. ಡಾಕ್ಟರು ಮೊದಲು ಕೇಳುವುದು ಎರಡೇ: ರೋಗಿ ಎಷ್ಟು ಗಂಟೆಯ ತನಕ ಸರಿಯಾಗಿದ್ದರು, ಕೊನೆಯ ಗುಳಿಗಿ ಎಷ್ಟು ಗಂಟೆಗೆ ನುಂಗಿದರು.