ಕುದಿಸಿ ಸೋಸುವ ಕಿಣ್ವ

ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಪಿಸಿಆರ್ ವರದಿಗೆ ಕಾದಿದ್ದು ನೆನಪಿದೆ ಅಲ್ವಾ? ಇಂಥ ಪರೀಕ್ಷೆಗಳಿಗೆ ದಾರಿ ಮಾಡಿಕೊಟ್ಟದ್ದು ಟ್ಯಾಕ್ ಪಾಲಿಮರೇಸ್ ಎಂಬ ಕಿಣ್ವ. ಡಿಎನ್‌ಎಯ ಪ್ರತಿ ಮಾಡುವುದು ಅದರ ಕೆಲಸ. ಪಿಸಿಆರ್‌ನಲ್ಲಿ ಮತ್ತೆಮತ್ತೆ ನೀರು ಕುದಿಯುವ ಹತ್ತಿರಕ್ಕೆ ಬಿಸಿ ಮಾಡಿದರೂ ಅದು ಬೇಗ ಕೆಡುವುದಿಲ್ಲ.

ಇದರ ತವರು ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರಿನ ಬುಗ್ಗೆ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅಲ್ಲಿಂದ ಒಂದು ಬ್ಯಾಕ್ಟೀರಿಯಾ ತಂದು ಬೆಳೆಸಿದರು. ಅದಕ್ಕೆ 70 ಡಿಗ್ರಿ ಸೆಲ್ಸಿಯಸ್ ಅಂದರೆ ಹಿತ! 1976ರಲ್ಲಿ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್ ಮತ್ತು ಜಾನ್ ಟ್ರೆಲಾ ಅದರಿಂದ ಈ ಕಿಣ್ವವನ್ನು ಬೇರ್ಪಡಿಸಿದರು.

ಬೇರ್ಪಡಿಸುವುದು ಸುಲಭದ ಮಾತಲ್ಲ. ಬಟ್ಟೆ ತೊಳೆಯುವ ಪುಡಿಗೆ ಹಾಕುವ ಪ್ರೋಟಿಯೇಸ್ ಕಿಣ್ವವನ್ನು ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ ತಾನೇ ಹೊರಗೆ ಬಿಡುತ್ತದೆ. ಕೋಶಗಳನ್ನು ಸೋಸಿ, ಉಳಿದ ನೀರಿನಿಂದ ಕಿಣ್ವ ತೆಗೆಯಬಹುದು. ಟ್ಯಾಕ್ ಇರುವುದು ಕೋಶದ ಒಳಗೆ. ಕೋಶ ಒಡೆಯಲೇಬೇಕು. ಒಡೆದ ಕೂಡಲೇ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನ್‌ಗಳು ಒಟ್ಟಿಗೆ ಹೊರಬರುತ್ತವೆ. ಅವುಗಳಲ್ಲಿ ಕೆಲವು, ಬೇರೆ ಪ್ರೋಟೀನ್‌ಗಳನ್ನು ಕಡಿದು ಹಾಕುವಂಥವು. ನಮಗೆ ಬೇಕಾದ ಕಿಣ್ವವೂ ಒಂದು ಪ್ರೋಟೀನೇ, ಅದೂ ಅವುಗಳ ಬಾಯಿಗೆ ಬೀಳಬಹುದು. ಅದಕ್ಕೇ ಪ್ರಯೋಗಾಲಯದಲ್ಲಿ ಈ ಕೆಲಸವನ್ನು ಸಾಮಾನ್ಯವಾಗಿ ಐಸ್ ಮೇಲೆ, ಬೇಗಬೇಗ ಮಾಡುತ್ತಾರೆ.

ಟ್ಯಾಕ್ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗುಮುರುಗು. ಅದರ ಜೀನನ್ನು ಈಗ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಸೇರಿಸಿ, 37 ಡಿಗ್ರಿಯಲ್ಲಿ ಬೆಳೆಸುತ್ತಾರೆ. ಕೋಶ ಒಡೆದು ಬಂದ ರಸವನ್ನು ಸುಮಾರು 75 ಡಿಗ್ರಿಗೆ ಬಿಸಿ ಮಾಡಿ ಅರ್ಧ ಗಂಟೆಯೋ ಒಂದು ಗಂಟೆಯೋ ಬಿಡುತ್ತಾರೆ. ಇ. ಕೋಲಿಯ ಹೆಚ್ಚಿನ ಪ್ರೋಟೀನ್‌ಗಳು ಬೆಂದ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾಗುತ್ತವೆ. ಕಡಿದು ಹಾಕುವವೂ ಅಲ್ಲೇ ಬೇಯುತ್ತವೆ. ಬುಗ್ಗೆಯಲ್ಲಿ ಹುಟ್ಟಿದ ಟ್ಯಾಕ್‌ಗೆ ಏನೂ ಆಗುವುದಿಲ್ಲ. ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸಿದರೆ ಗಸಿ ತಳಕ್ಕೆ, ಕಿಣ್ವ ಮೇಲಿನ ತಿಳಿಯಲ್ಲಿ. ಇಷ್ಟು ಚೆಂದದ ಸೋಸುವಿಕೆ ನನಗೆ ಗೊತ್ತಿರುವ ಮಟ್ಟಿಗೆ ಬೇರೊಂದಿಲ್ಲ.

ಆಮೇಲೆ ಅಮೋನಿಯಂ ಸಲ್ಫೇಟ್ ಉಪ್ಪು ಹಾಕುತ್ತಾರೆ. ಉಪ್ಪು ಜಾಸ್ತಿಯಾದಂತೆ ಪ್ರೋಟೀನ್ ನೀರಿನಲ್ಲಿ ಕರಗಿರಲಾರದೆ ಕೆಳಗೆ ಕೂರುತ್ತದೆ. ಅದನ್ನು ಮತ್ತೆ ಕರಗಿಸಿ, ಉಪ್ಪು ತೆಗೆದು, ಸಣ್ಣ ಮಣಿಗಳು ತುಂಬಿದ ಕೊಳವೆಯಲ್ಲಿ ಹಾಯಿಸುತ್ತಾರೆ. ಕಿಣ್ವ ಮಣಿಗಳಿಗೆ ಅಂಟಿಕೊಳ್ಳುತ್ತದೆ, ಕಸ ಹರಿದುಹೋಗುತ್ತದೆ. ಪ್ರತಿ ಹಂತದಲ್ಲೂ ಕಿಣ್ವ ಎಷ್ಟು ಚುರುಕಾಗಿದೆ ಎಂದು ಅಳೆಯಬೇಕು. ಯಾಕೆಂದರೆ ಶುದ್ಧ ಮಾಡಿದಷ್ಟೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಲೇ ಇರುತ್ತೇವೆ.

ಇಷ್ಟಾದರೂ ಒಂದು ಹಠಮಾರಿ ಕಸ ಉಳಿಯಬಹುದು: ಇ. ಕೋಲಿಯದೇ ಡಿಎನ್‌ಎ ಚೂರು. ಟ್ಯಾಕ್ ಅದನ್ನೂ ಪ್ರತಿ ಮಾಡಿಬಿಡುತ್ತದೆ. ರೋಗಿಯ ಮಾದರಿಯಲ್ಲಿ ಬ್ಯಾಕ್ಟೀರಿಯಾ ಹುಡುಕುವಾಗ ಇದು ದೊಡ್ಡ ಎಡವಟ್ಟು. ಹಾಗಾಗಿ ಮಾದರಿಯನ್ನೇ ಹಾಕದ ಒಂದು ಟ್ಯೂಬನ್ನೂ ಜೊತೆಗೆ ಓಡಿಸುತ್ತಾರೆ. ಅದರಲ್ಲಿ ಏನಾದರೂ ಕಂಡರೆ ಆ ಸುತ್ತಿನ ಫಲಿತಾಂಶವನ್ನು ನಂಬುವಂತಿಲ್ಲ.