ಓದುಗರ ಪ್ರಶ್ನೆ: ಟ್ರ್ಯಾಪ್, ವೆಂಟ್, ಎನ್‌ಆರ್‌ವಿ... ಪ್ಲಂಬರ್ ಮಾತು ಎಷ್ಟು ಗೊತ್ತಿದ್ದರೆ ಸಾಕು?

ಪ್ರಶ್ನೆ: ಮನೆ ಕಟ್ಟಿಸುತ್ತಿದ್ದೇವೆ. ಪ್ಲಂಬರ್ ಬಂದಾಗಲೆಲ್ಲ ಟ್ರ್ಯಾಪ್, ವೆಂಟ್, ಸಾಯಿಲ್ ಲೈನ್, ಎನ್‌ಆರ್‌ವಿ, ಯೂನಿಯನ್ ಎಂದು ಏನೇನೋ ಹೇಳುತ್ತಾರೆ. ನಾವು ಹೂಂ ಹೂಂ ಎಂದು ತಲೆಯಾಡಿಸುತ್ತೇವೆ. ಇದರಲ್ಲಿ ನಮಗೆ ನಿಜವಾಗಿ ಗೊತ್ತಿರಬೇಕಾದ್ದು ಯಾವುದು?

ಉತ್ತರ: ಎಲ್ಲವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ವಿಷಯ ಹಿಡಿದುಕೊಳ್ಳಿ, ಅರ್ಧಕ್ಕರ್ಧ ಹೆಸರುಗಳು ತಾವಾಗಿಯೇ ಅರ್ಥವಾಗುತ್ತವೆ. ಮನೆಯಲ್ಲಿ ಎರಡು ಬೇರೆ ಬೇರೆ ಪೈಪ್ ಜಾಲಗಳಿರುತ್ತವೆ. ಒಂದು ನೀರು ತರುತ್ತದೆ, ಇನ್ನೊಂದು ಕೊಳೆನೀರನ್ನು ಹೊರಗೆ ಸಾಗಿಸುತ್ತದೆ. ತರುವ ಪೈಪು ಯಾವಾಗಲೂ ತುಂಬಿರುತ್ತದೆ, ಒಳಗೆ ಒತ್ತಡ ಇರುತ್ತದೆ. ಹೋಗುವ ಪೈಪು ಹೆಚ್ಚು ಹೊತ್ತು ಖಾಲಿಯೇ ಇರುತ್ತದೆ. ಅದರಲ್ಲಿ ನೀರಿಗಿಂತ ಗಾಳಿಯೇ ಜಾಸ್ತಿ. ಅಲ್ಲಿ ನೀರನ್ನು ದೂಡುವವರು ಯಾರೂ ಇಲ್ಲ, ಇಳಿಜಾರಿನಲ್ಲಿ ಅದೇ ಹರಿದು ಹೋಗಬೇಕು.

ಮನೆ ಕಟ್ಟಿಸುವವರು ನಲ್ಲಿ, ಶವರ್ ಆರಿಸಲು ದಿನಗಟ್ಟಲೆ ಅಲೆಯುತ್ತಾರೆ. ಹೋಗುವ ಪೈಪಿನ ವಿಷಯ ಬಂದಾಗ "ನೀವೇ ನೋಡಿ ಮಾಡಿ" ಎಂದು ಪ್ಲಂಬರ್‌ಗೆ ಬಿಟ್ಟುಬಿಡುತ್ತಾರೆ. ಇದು ಉಲ್ಟಾ ಆಗಬೇಕು ಎಂಬುದು ನನ್ನ ಅಭಿಪ್ರಾಯ. ನಲ್ಲಿ ಸರಿಯಿಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಬದಲಿಸಬಹುದು. ನೆಲದಡಿಯ ಪೈಪಿನ ಇಳಿಜಾರು ತಪ್ಪಿದರೆ ಟೈಲ್ಸ್ ಒಡೆಯಬೇಕು. ಹಾಗಾಗಿ ಬರುವ ನೀರಿನ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ.

ಬರುವ ನೀರು

ಮೊದಲು ಕಿವಿಗೆ ಬೀಳುವ ಮಾತು 'ಪ್ರೆಷರ್'. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಲ್ಲಿ ಪ್ರೆಷರ್ ಎಂದರೆ ಮುಖ್ಯವಾಗಿ ಎತ್ತರ. ಟ್ಯಾಂಕಿನ ನೀರಿನ ಮಟ್ಟದಿಂದ ನಲ್ಲಿ ಎಷ್ಟು ಕೆಳಗಿದೆಯೋ ಅದನ್ನು 'ಹೆಡ್' ಎನ್ನುತ್ತಾರೆ. 10 ಮೀಟರ್ ಹೆಡ್ ಇದ್ದರೆ ಸುಮಾರು 1 ಬಾರ್ ಒತ್ತಡ (ಬಾರ್ ಎಂದರೆ ಒತ್ತಡ ಅಳೆಯುವ ಮಾನ). ಟ್ಯಾಂಕು ಶವರ್‌ಗಿಂತ 3 ಮೀಟರ್ ಮೇಲಿದ್ದರೆ ಸಿಗುವುದು ಹೆಚ್ಚೆಂದರೆ 0.3 ಬಾರ್. ದೊಡ್ಡ ಟ್ಯಾಂಕು ಇಟ್ಟರೆ ನೀರು ಜೋರಾಗಿ ಬರುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. ಹಾಗೇನಿಲ್ಲ. ಟ್ಯಾಂಕು 500 ಲೀಟರಿನದಾಗಲಿ 5000 ಲೀಟರಿನದಾಗಲಿ, ನೀರಿನ ಮಟ್ಟ ಒಂದೇ ಆದರೆ ಒತ್ತಡವೂ ಒಂದೇ. ಮೇಲಿನ ಮಹಡಿಯ ಶವರ್ ಸೊರಗಿ, ಕೆಳಗಿನದು ಜೋರಾಗಿ ಬರುವುದು ಈ ಕಾರಣಕ್ಕೇ. ಅಲ್ಲಿ ಟ್ಯಾಂಕನ್ನು ಎತ್ತರಿಸಬೇಕು, ಇಲ್ಲವೇ ಪ್ರೆಷರ್ ಪಂಪ್ ಹಾಕಿಸಬೇಕು.

ದಪ್ಪ ಪೈಪು ಹಾಕಿದರೆ ಪ್ರೆಷರ್ ಹೆಚ್ಚುತ್ತದಾ? ಇಲ್ಲ. ಆದರೆ ದಾರಿಯಲ್ಲಿ ಉಜ್ಜಾಟಕ್ಕೆ ಕಳೆದುಹೋಗುವ ಒತ್ತಡ ಕಡಿಮೆಯಾಗುತ್ತದೆ, ಅದಕ್ಕೇ ಮುಖ್ಯ ಲೈನು ದಪ್ಪ, ಕವಲುಗಳು ಸಣ್ಣ. ಅರ್ಧ ಇಂಚು, ಮುಕ್ಕಾಲು ಇಂಚು, ಒಂದು ಇಂಚು ಎಂದರೆ 15, 20, 25 ಮಿಲಿಮೀಟರ್ ಸೈಜು. ಇವು ಬರೀ ಹೆಸರಿಗೆ, ಟೇಪ್ ಹಿಡಿದು ಅಳೆಯಲು ಹೋಗಬೇಡಿ. ಅರ್ಧ ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಹೊರ ಅಳತೆಯೇ 21.3 ಮಿಲಿಮೀಟರ್ ಇರುತ್ತದೆ.

ಪಂಪಿನಿಂದ ಟ್ಯಾಂಕಿಗೆ ಏರುವ ಪೈಪು 'ರೈಸಿಂಗ್ ಮೇನ್'. ಟ್ಯಾಂಕಿನಿಂದ ಮನೆಯೊಳಗೆ ಇಳಿಯುವುದು 'ಡೌನ್ ಟೇಕ್'. ಇಳಿಯುವ ಪೈಪಿಗೆ ಟ್ಯಾಂಕಿನ ಹತ್ತಿರವೇ ಒಂದು ತೆರೆದ ಪೈಪನ್ನು ಟ್ಯಾಂಕಿಗಿಂತ ಎತ್ತರಕ್ಕೆ ನಿಲ್ಲಿಸಿರುತ್ತಾರೆ. ಅದು ಗಾಳಿ ಪೈಪು. ಟ್ಯಾಂಕು ಖಾಲಿಯಾಗಿ ಮತ್ತೆ ತುಂಬಿದಾಗ ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ಇದರಲ್ಲಿ ಹೊರಬೀಳುತ್ತದೆ. ಇದಿಲ್ಲದಿದ್ದರೆ ಟ್ಯಾಂಕ್ ತುಂಬಿದ್ದರೂ ನಲ್ಲಿಯಲ್ಲಿ ಬರೀ ಸದ್ದು. ಪ್ಲಂಬರ್‌ಗಳು 'ಏರ್ ಲಾಕ್ ಆಗಿದೆ' ಎನ್ನುವುದು ಇದನ್ನೇ.

ವಾಲ್ವುಗಳಲ್ಲಿ ಗೇಟ್ ವಾಲ್ವಿಗೆ ಚಕ್ರದಂಥ ಹಿಡಿ. ಅದನ್ನು ಪೂರ್ತಿ ತೆರೆಯಬೇಕು ಅಥವಾ ಪೂರ್ತಿ ಮುಚ್ಚಬೇಕು. ಅರ್ಧ ತೆರೆದಿಟ್ಟರೆ ಒಳಗಿನ ತಟ್ಟೆ ಅದುರಿ ಸವೆಯುತ್ತದೆ. ಬಾಲ್ ವಾಲ್ವು ಕಾಲು ಸುತ್ತಿಗೇ ಬಂದ್ ಆಗುತ್ತದೆ, ಹಿಡಿ ಪೈಪಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ವಾಶ್ ಬೇಸಿನ್ ಕೆಳಗೆ, ಕಮೋಡಿನ ಪಕ್ಕ ಇರುವ ಸಣ್ಣದು ಆಂಗಲ್ ಕಾಕ್. ಇಡೀ ಮನೆಯ ನೀರು ನಿಲ್ಲಿಸದೆ ಒಂದು ನಲ್ಲಿಯನ್ನು ರಿಪೇರಿ ಮಾಡಲು ಅದು ಬೇಕು. ಎನ್‌ಆರ್‌ವಿ ಎಂದರೆ ನಾನ್ ರಿಟರ್ನ್ ವಾಲ್ವು, ನೀರನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು. ಪಂಪು ನಿಂತಾಗ ಮೇಲೇರಿದ ನೀರು ವಾಪಸ್ ಇಳಿಯದಂತೆ ತಡೆಯುತ್ತದೆ. ಅದರ ಮೈಮೇಲೆ ಬಾಣದ ಗುರುತು ಇರುತ್ತದೆ. ಕೂರಿಸಿದ ಮೇಲೆ ಆ ಬಾಣ ನೀರು ಹೋಗುವ ಕಡೆಗೇ ಇದೆಯಾ ಎಂದು ನೀವೇ ನೋಡಬಹುದು.

ಯೂನಿಯನ್ ಬಗ್ಗೆ ಮಾತ್ರ ಸ್ವಲ್ಪ ಹಟ ಮಾಡಿ. ಎರಡು ಪೈಪುಗಳನ್ನು ಕಪ್ಲರ್ ಎಂಬ ಜೋಡಣೆ ತುಂಡು ಹಾಕಿ, ಸಲ್ಯೂಶನ್ ಎಂಬ ಅಂಟು ಹಚ್ಚಿ ಕೂಡಿಸಿದ ಜಾಗವನ್ನು ಮತ್ತೆ ಬಿಚ್ಚಲಾಗದು, ಕತ್ತರಿಸಲೇಬೇಕು. ಯೂನಿಯನ್ ಹಾಕಿದ್ದರೆ ನಟ್ ತಿರುಗಿಸಿ ಬಿಚ್ಚಬಹುದು. ಪಂಪು, ಫಿಲ್ಟರ್‌ಗಳ ಎರಡೂ ಕಡೆ ಒಂದೊಂದು ಇರಲಿ. ಇನ್ನು ಎಲ್ಬೋ, ಟೀ, ರೆಡ್ಯೂಸರ್, ನಿಪ್ಪಲ್, ಎಂಡ್ ಕ್ಯಾಪ್ ಇವೆಲ್ಲ ನೋಡಿದರೇ ತಿಳಿಯುತ್ತವೆ. ಪ್ಲಾಸ್ಟಿಕ್ ಪೈಪುಗಳಲ್ಲಿ ಬಿಸಿನೀರಿಗೆ ಸಿಪಿವಿಸಿ ಎಂಬ ಬಗೆ ಆಗುತ್ತದೆ, ಸುಮಾರು 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯುತ್ತದೆ. ಯುಪಿವಿಸಿ ಎಂಬ ಬಗೆ ತಣ್ಣೀರಿಗೆ ಮಾತ್ರ.

ಹೋಗುವ ನೀರು

ಇಲ್ಲಿ ಮೊದಲು ಎರಡು ಲೈನುಗಳ ವ್ಯತ್ಯಾಸ ತಿಳಿಯಬೇಕು. ಕಮೋಡಿನಿಂದ ಹೋಗುವುದು 'ಸಾಯಿಲ್ ಪೈಪ್'. ಬಚ್ಚಲು, ಬೇಸಿನ್, ಸಿಂಕಿನಿಂದ ಹೋಗುವುದು 'ವೇಸ್ಟ್ ಪೈಪ್'. ಮಹಡಿಗಳ ಮೂಲಕ ನೆಟ್ಟಗೆ ಇಳಿಯುವ ದಪ್ಪ ಪೈಪಿಗೆ 'ಸ್ಟ್ಯಾಕ್' ಎನ್ನುತ್ತಾರೆ. ಸಾಯಿಲಿಗೊಂದು, ವೇಸ್ಟಿಗೊಂದು ಸ್ಟ್ಯಾಕ್ ಇದ್ದರೆ ಅದು ಟೂ ಪೈಪ್ ಪದ್ಧತಿ. ಎಲ್ಲವೂ ಒಂದರಲ್ಲೇ ಇಳಿದು, ಸ್ಟ್ಯಾಕಿಗೆ ಗಾಳಿಯಾಡಲು ಬೇರೆ ವೆಂಟ್ ಪೈಪೂ ಇಲ್ಲದಿದ್ದರೆ ಸಿಂಗಲ್ ಸ್ಟ್ಯಾಕ್. ಮಳೆನೀರಿನ ಪೈಪು ಇವೆರಡಕ್ಕೂ ಸೇರದೆ ಬೇರೆಯೇ ಇದ್ದರೆ ಒಳ್ಳೆಯದು. ಜೋರು ಮಳೆಗೆ ಒಳಚರಂಡಿ ತುಂಬಿ ಕಮೋಡಿನಲ್ಲಿ ಉಕ್ಕುವುದು ಯಾರಿಗೂ ಬೇಡ ಅಲ್ವಾ?

ಈಗ ಟ್ರ್ಯಾಪ್. ಇಡೀ ಪ್ಲಂಬಿಂಗ್‌ನಲ್ಲಿ ಒಂದೇ ಒಂದು ಭಾಗದ ಹೆಸರು ಕಲಿಯಬೇಕೆಂದರೆ ಇದನ್ನೇ ಕಲಿಯಿರಿ. ಬೇಸಿನ್ ಕೆಳಗೆ ಪೈಪು ಸುಮ್ನೆ ನೇರವಾಗಿ ಇಳಿಯದೆ ಬಾಗಿ, ಮೇಲೇರಿ ಆಮೇಲೆ ಮುಂದೆ ಹೋಗುತ್ತದೆ. ಆ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರುತ್ತದೆ. ಅದರ ಹೆಸರು 'ವಾಟರ್ ಸೀಲ್'. ಚರಂಡಿಯ ಗಬ್ಬು ಗಾಳಿ, ಹುಳುಹುಪ್ಪಟೆ ಮನೆಯೊಳಗೆ ಬರದಂತೆ ತಡೆಯುವುದು ಈ ಒಂದಿಷ್ಟು ನೀರು, ಅಷ್ಟೇ. ಸೀಲಿನ ಆಳ ಸಾಮಾನ್ಯವಾಗಿ ಕನಿಷ್ಠ 50 ಮಿಲಿಮೀಟರ್ ಇರಬೇಕು ಎನ್ನುತ್ತಾರೆ. ಲಂಡನ್ನಿನ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ 1775ರಲ್ಲಿ ಎಸ್ ಆಕಾರದ ಬಾಗಿರುವ ಫ್ಲಶ್ ಕಮೋಡಿಗೆ ಪೇಟೆಂಟ್ ಪಡೆದ. ಅಂದಿನಿಂದ ಪೈಪು ಬೇರೆಯಾಯಿತು, ನಲ್ಲಿ ಬೇರೆಯಾಯಿತು. ಈ ಬಾಗು ಹಾಗೇ ಉಳಿದಿದೆ.

ಬೇಸಿನ್ ಕೆಳಗಿನ ಬಾಗು ಗೋಡೆಯ ಕಡೆ ಹೋದರೆ ಪಿ ಟ್ರ್ಯಾಪ್, ನೆಲಕ್ಕೆ ಇಳಿದರೆ ಎಸ್ ಟ್ರ್ಯಾಪ್. ಕಮೋಡಿನಲ್ಲೂ ಇದೇ ಎರಡು ಬಗೆ. ಕಮೋಡನ್ನು ಆರಿಸುವ ಮೊದಲೇ ಪೈಪಿನ ಬಾಯಿ ಗೋಡೆಯಲ್ಲಿದೆಯೋ ನೆಲದಲ್ಲಿದೆಯೋ, ನೆಲದಲ್ಲಿದ್ದರೆ ಗೋಡೆಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆದಿಟ್ಟುಕೊಳ್ಳಿ. ಚಂದ ಕಂಡಿತೆಂದು ತಂದ ಕಮೋಡು ಕೂರುವುದೇ ಇಲ್ಲ ಎಂಬ ಗೋಳು ತಪ್ಪುತ್ತದೆ. ಬೇಸಿನ್ ಕೆಳಗೆ ಹೊಳೆಯುವ ಬಾಟಲ್ ಟ್ರ್ಯಾಪ್ ಜಾಗ ಉಳಿಸುತ್ತದೆ. ಆದರೆ ಅಡುಗೆಮನೆಯ ಸಿಂಕಿಗೆ ಅದು ಬೇಡ, ಜಿಡ್ಡು, ಅನ್ನದಗುಳು ಕಟ್ಟಿಕೊಳ್ಳುತ್ತವೆ. ಬಚ್ಚಲಿನ ನೆಲದಲ್ಲಿ ಜಾಲಿಯ ಕೆಳಗೆ ಇರುವುದು ಫ್ಲೋರ್ ಟ್ರ್ಯಾಪ್, ನಹಾನಿ ಟ್ರ್ಯಾಪ್ ಎಂದೂ ಕರೆಯುತ್ತಾರೆ. ಮನೆಯ ಹೊರಗೆ, ವೇಸ್ಟ್ ಪೈಪು ಬಂದು ಸೇರುವಲ್ಲಿ ಇರುವುದು ಗಲ್ಲಿ ಟ್ರ್ಯಾಪ್.

ಟ್ರ್ಯಾಪಿನ ನೀರು ಹೋದರೆ ಟ್ರ್ಯಾಪು ಇದ್ದೂ ಇಲ್ಲದಂತೆ. ಅದು ಹೋಗುವುದು ಮುಖ್ಯವಾಗಿ ಮೂರು ರೀತಿ. ಮೊದಲನೆಯದು, ಆವಿಯಾಗುವುದು. ತಿಂಗಳುಗಟ್ಟಲೆ ಬಳಸದ ಬಾತ್‌ರೂಮು ತೆರೆದ ಕೂಡಲೇ ಮೂಗು ಮುಚ್ಚಿಕೊಳ್ಳುವಂತಾಗುವುದು ಇದರಿಂದಲೇ. ಒಂದು ಬಕೆಟ್ ನೀರು ಸುರಿಯಿರಿ, ವಾಸನೆ ನಿಲ್ಲುತ್ತದೆ. ಫಿನಾಯಿಲ್ ಬೇಕಾಗಿಲ್ಲ. ಎರಡನೆಯದು ಸೈಫನ್. ಸ್ಟ್ಯಾಕಿನಲ್ಲಿ ಮೇಲಿನಿಂದ ನೀರು ಒಮ್ಮೆಲೇ ಧುಮುಕಿದಾಗ ಅದರ ಹಿಂದೆ ಗಾಳಿ ಕಡಿಮೆಯಾಗಿ, ಪಕ್ಕದ ಟ್ರ್ಯಾಪಿನ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಮೇಲಿನ ಮನೆಯವರು ಫ್ಲಶ್ ಮಾಡಿದಾಗ ನಿಮ್ಮ ಬೇಸಿನ್ ಗುಳುಗುಳು ಎಂದರೆ ಅನುಮಾನ ಇದರ ಮೇಲೇ ಹೋಗಬೇಕು. ಮೂರನೆಯದು ಇದರ ತಿರುಗುಮುರುಗು. ಧುಮುಕುವ ನೀರು ಮುಂದಿರುವ ಗಾಳಿಯನ್ನು ಒತ್ತಿ, ಸ್ಟ್ಯಾಕಿನ ಬುಡದ ಹತ್ತಿರವಿರುವ ಟ್ರ್ಯಾಪಿನ ನೀರನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕೆಳಗಿನ ಮಹಡಿಯವರಿಗೆ ಬರುವ ತೊಂದರೆ ಇದು.

ವೆಂಟ್ ಪೈಪು ಬೇಕಾಗುವುದು ಈ ಎರಡನೆಯ, ಮೂರನೆಯ ತೊಂದರೆಗಳಿಗೇ. ನೀರು ತುಂಬಿದ ಬಾಟಲಿಯನ್ನು ಬೋರಲು ಹಿಡಿದರೆ ತೊಡರಿ ತೊಡರಿ ಸುರಿಯುತ್ತದೆ, ತಳಕ್ಕೊಂದು ತೂತು ಮಾಡಿದರೆ ಸರಾಗ. ಸ್ಟ್ಯಾಕಿನ ಮೇಲ್ತುದಿಯನ್ನು ತಾರಸಿಗಿಂತ ಮೇಲೆ ಒಯ್ದು ತೆರೆದು ಬಿಡುವುದು ಅದೇ ತೂತಿನ ಕೆಲಸಕ್ಕೆ. ಅದರ ತಲೆಗೆ ಹಕ್ಕಿ ಕಸ ತುಂಬದಂತೆ ಒಂದು ಟೋಪಿ ಇರುತ್ತದೆ, ಕೌಲ್ ಎನ್ನುತ್ತಾರೆ. ತಾರಸಿಯಲ್ಲಿ ಅಸಹ್ಯವಾಗಿ ಕಾಣುತ್ತದೆಂದು ಈ ಪೈಪನ್ನು ಕತ್ತರಿಸಿ ಕ್ಯಾಪ್ ಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಿಟಕಿಯ ಹತ್ತಿರ ಅದರ ಬಾಯಿ ಬರದಂತೆ ನೋಡಿಕೊಂಡರೆ ಸಾಕು. ಏರ್ ಅಡ್ಮಿಟೆನ್ಸ್ ವಾಲ್ವ್ ಎಂಬುದೂ ಸಿಗುತ್ತದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಹಾಗಾಗಿ ಎರಡನೇ ತೊಂದರೆಗೆ ಔಷಧಿ, ಮೂರನೆಯದಕ್ಕೆ ಅಲ್ಲ.

ಇದೆಲ್ಲ ಬರೀ ವಾಸನೆಯ ಮಾತು ಎಂದುಕೊಳ್ಳಬೇಡಿ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ 300ಕ್ಕೂ ಹೆಚ್ಚು ಜನರಿಗೆ ಸಾರ್ಸ್ ಎಂಬ ಉಸಿರಾಟದ ರೋಗದ ಸೋಂಕು ತಗುಲಿತು. ತನಿಖೆ ನಡೆಸಿದವರು ಬೆರಳು ತೋರಿದ್ದರಲ್ಲಿ ಬಾತ್‌ರೂಮಿನ ನೆಲದ ಟ್ರ್ಯಾಪುಗಳು ಮುಖ್ಯ. ಜನ ನೆಲ ತೊಳೆಯದೆ ಒರೆಸುತ್ತಿದ್ದರಿಂದ ಅವುಗಳ ನೀರು ಒಣಗಿತ್ತು. ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಸ್ಟ್ಯಾಕಿನ ಗಾಳಿ ಆ ಒಣ ಟ್ರ್ಯಾಪಿನ ಮೂಲಕ ಒಳಗೆ ಬಂದು, ಸೋಂಕಿನ ಹನಿಗಳನ್ನೂ ತಂದಿರಬೇಕು ಎಂದು ಅವರು ಹೇಳಿದರು.

ಇನ್ನು 'ವಾಟ', ಅಂದರೆ ಇಳಿಜಾರು. 100 ಮಿಲಿಮೀಟರ್, ಎಂದರೆ ನಾಲ್ಕು ಇಂಚಿನ ಪೈಪಿಗೆ 40ಕ್ಕೆ 1 ಎಂಬುದು ಹಳೆಯ ರೂಢಿ. 4 ಮೀಟರ್ ಉದ್ದದಲ್ಲಿ 10 ಸೆಂಟಿಮೀಟರ್ ಇಳಿಯಬೇಕು. ಆರು ಇಂಚಿನ ಪೈಪಿಗೆ 60ಕ್ಕೆ 1. ನೀರು ತನ್ನ ಜೊತೆಗೆ ಕಸವನ್ನೂ ಎಳೆದುಕೊಂಡು ಹೋಗುವಷ್ಟು ವೇಗ ಸಿಗಲಿ ಎಂಬುದು ಲೆಕ್ಕ. ವಾಟ ತೀರಾ ಜಾಸ್ತಿಯಾದರೆ ನೀರು ಮುಂದೆ ಓಡಿ ಕಸ ಹಿಂದೆ ಉಳಿಯುತ್ತದೆ ಎನ್ನುವ ಮಾತೂ ಇದೆ, ಎಲ್ಲ ಎಂಜಿನಿಯರುಗಳೂ ಅದನ್ನು ಒಪ್ಪುವುದಿಲ್ಲ. ವಾಟ ಕಡಿಮೆಯಾದರೆ ಕಟ್ಟಿಕೊಳ್ಳುತ್ತದೆ ಎಂಬುದರಲ್ಲಿ ಮಾತ್ರ ಯಾರಿಗೂ ತಕರಾರಿಲ್ಲ. ಪೈಪಿನ ಎರಡು ತುದಿಯನ್ನಷ್ಟೇ ನೋಡಬೇಡಿ. ನಡುವೆ ಎಲ್ಲಾದರೂ ಜಗ್ಗಿದ್ದರೆ ಕಸ ಅಲ್ಲೇ ಕೂರುತ್ತದೆ.

ತಿರುವಿನಲ್ಲೂ ಗಮನ ಇರಲಿ. ಬರುವ ನೀರಿನ ಪೈಪಿನಲ್ಲಿ ಚೂಪು ಎಲ್ಬೋ ನಡೆಯುತ್ತದೆ. ಹೋಗುವ ಪೈಪಿನಲ್ಲಿ ಉದ್ದ ಬೆಂಡ್ ಬೇಕು. ಕವಲು ಸೇರುವಲ್ಲಿ ನೆಟ್ಟನೆಯ ಟೀಗಿಂತ ಹರಿವಿನ ದಿಕ್ಕಿಗೆ ಓರೆಯಾಗಿ ಸೇರುವ ವೈ ವಾಸಿ. 'ಡೋರ್ ಬೆಂಡ್', 'ಡೋರ್ ಟೀ' ಎಂದರೆ ಬಿಚ್ಚಲು ಬರುವ ಸಣ್ಣ ಬಾಗಿಲಿರುವ ತುಂಡುಗಳು. ಪೈಪು ಕಟ್ಟಿಕೊಂಡಾಗ ಸರಳು ತೂರಿಸಲು ದಾರಿ ಅದೇ. ಆ ಬಾಗಿಲು ಗೋಡೆಯ ಕಡೆ ಮುಖ ಮಾಡಿದ್ದರೆ ಇದ್ದೂ ಪ್ರಯೋಜನವಿಲ್ಲ. ನೆಲದಡಿಯ ಲೈನು ತಿರುಗುವಲ್ಲಿ, ಕೂಡುವಲ್ಲಿ ಚೇಂಬರ್, ಅಂದರೆ ಮುಚ್ಚಳ ತೆಗೆದು ಒಳಗೆ ನೋಡಬಹುದಾದ ಗುಂಡಿ, ಇರಬೇಕು. ಅದರ ಮುಚ್ಚಳದ ಮೇಲೆ ಟೈಲ್ಸ್ ಹಾಕಿ ಮುಚ್ಚಿಬಿಡಬೇಡಿ.

ಪ್ಲಾಸ್ಟರ್ ಮಾಡುವ ಮೊದಲು ಎರಡೂ ಜಾಲಗಳಿಗೆ ಟೆಸ್ಟ್ ಮಾಡಿಸಿ. ಬರುವ ಲೈನಿಗೆ ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಪ್ರೆಷರ್ ಕೊಟ್ಟು, ಗೇಜಿನ ಮುಳ್ಳು ಇಳಿಯುತ್ತದಾ ಎಂದು ಕಾಯುತ್ತಾರೆ. ಹೋಗುವ ಲೈನಿನ ಕೆಳತುದಿ ಮುಚ್ಚಿ ನೀರು ತುಂಬಿಸಿ, ಮಟ್ಟ ಕಡಿಮೆಯಾಗುತ್ತದಾ ನೋಡುತ್ತಾರೆ. ಪ್ಲಂಬರ್‌ಗೆ ಇದು ಬೇಸರದ ಕೆಲಸ, ಆದ್ದರಿಂದ ನೀವೇ ನೆನಪಿಸಬೇಕು. ಟೆಸ್ಟ್ ಮುಗಿದ ಮೇಲೆ ಪ್ರತಿ ಗೋಡೆಗೂ, ನೆಲಕ್ಕೂ ಟೇಪ್ ಹಿಡಿದು, ಅಳತೆ ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕನ್ನಡಿ ಕೂರಿಸಲು ಡ್ರಿಲ್ ಹಿಡಿದು ಬಂದವರು ಮೊದಲು ಕೇಳುವುದು ಪೈಪು ಎಲ್ಲಿದೆ ಎಂದೇ.