ಗಿರಾಕಿಯ ಡ್ರಾಯಿಂಗ್ ಇರುವ ಲ್ಯಾಪ್‌ಟಾಪ್ ವಿದೇಶಕ್ಕೆ ಒಯ್ಯಬಹುದಾ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಚಿಕ್ಕ ಮಷಿನ್ ಶಾಪ್. ಕಾಸ್ಟಿಂಗ್ ತರಿಸಿ, ಮಷಿನಿಂಗ್ ಮಾಡಿ ಕಳಿಸುತ್ತೇವೆ. ಹೊಸ ಗಿರಾಕಿಗಳನ್ನು ಹುಡುಕಲು ಮೊದಲ ಸಲ ಜರ್ಮನಿಗೆ ಹೊರಟಿದ್ದೇನೆ. ಬರುವಾಗ ದುಬೈನಲ್ಲೂ ಸ್ವಲ್ಪ ಕೆಲಸ ಇದೆ. ಲ್ಯಾಪ್‌ಟಾಪ್‌ನಲ್ಲಿ ಹಳೇ ಗಿರಾಕಿಗಳ ಡ್ರಾಯಿಂಗ್, ರೇಟು, ಬ್ಯಾಂಕಿನ ಕಾಗದ ಎಲ್ಲ ಇವೆ. ಏನೇನು ಎಚ್ಚರಿಕೆ ತಗೋಬೇಕು?

ಉತ್ತರ: ಆ ಲ್ಯಾಪ್‌ಟಾಪ್ ಒಯ್ಯಬೇಡಿ. ಬೇರೆ ಒಂದನ್ನು ಒಯ್ಯಿರಿ.

ಉದ್ಯಮಬಾಗ, ಮಚ್ಛೆ, ಹೊನಗಾ ಕಡೆಯವರು ಇದನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳುತ್ತಾರೆ. ಯಾವ ಆಂಟಿವೈರಸ್ ಹಾಕಿಸಲಿ, ಯಾವ ವಿಪಿಎನ್ (ಇಂಟರ್‌ನೆಟ್ ಸಂಪರ್ಕವನ್ನು ಮರೆಮಾಡುವ ಆ್ಯಪ್) ಒಳ್ಳೆಯದು ಅಂತ. ಅದೆಲ್ಲ ಆಮೇಲಿನ ಮಾತು. ಸವದತ್ತಿ ಜಾತ್ರೆಗೆ ಹೊರಟವರು ಮನೆಯ ಬಂಗಾರವನ್ನೆಲ್ಲ ಮೈಮೇಲೆ ಹೇರಿಕೊಂಡು ಹೋಗುವುದಿಲ್ಲ, ಅಲ್ವಾ? ಜೊತೆಗೆ ಇಲ್ಲದ ಕಾಗದವನ್ನು ಯಾರೂ ಕದಿಯಲಾರರು. ಯಾವ ಅಧಿಕಾರಿಯೂ ತೆರೆದು ತೋರಿಸಿ ಅನ್ನಲಾರ.

ಆಫೀಸಿನಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇದ್ದರೆ ಅದನ್ನು ಪೂರ್ತಿ ಅಳಿಸಿ, ವಿಂಡೋಸ್ ಹೊಸದಾಗಿ ಹಾಕಿಸಿ. ಅಪ್‌ಡೇಟ್‌ಗಳನ್ನೆಲ್ಲ ಇಲ್ಲೇ ಮುಗಿಸಿ. ಅದರೊಳಗೆ ಕಂಪನಿಯ ಪರಿಚಯ, ಮಷಿನ್‌ಗಳ ಪಟ್ಟಿ, ಕ್ವಾಲಿಟಿ ಸರ್ಟಿಫಿಕೇಟ್, ತೋರಿಸಲು ಅಡ್ಡಿಯಿಲ್ಲದ ಫೋಟೊ ಇದ್ದರೆ ಸಾಕು. ಟ್ಯಾಲಿ ಡೇಟಾ ಬೇಡ. ಬ್ರೌಸರ್ ನೆನಪಿಟ್ಟುಕೊಂಡ ಪಾಸ್‌ವರ್ಡ್‌ಗಳೂ ಬೇಡ. ಮೇಲ್‌ಗೆ ಈ ಪ್ರವಾಸಕ್ಕೆಂದೇ ಬೇರೆ ಐಡಿ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಹತ್ತು ವರ್ಷದ ಹಳೇ ಮೇಲ್ ಎಲ್ಲ ನಿಮ್ಮ ಜೊತೆ ವಿಮಾನ ಹತ್ತಬೇಕಾಗಿಲ್ಲ.

ಡ್ರಾಯಿಂಗ್ ವಿಚಾರವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಆ ಡ್ರಾಯಿಂಗ್ ನಿಮ್ಮದಲ್ಲ. ಯಾವುದಾದರೂ ಒಂದು ಶೀಟ್ ತೆಗೆದು ಬಲಗಡೆ ಕೆಳಮೂಲೆಯ ಚೌಕ ನೋಡಿ. ಪಾರ್ಟ್ ನಂಬರ್, ಮಟೀರಿಯಲ್ ಗ್ರೇಡ್, ರಿವಿಷನ್ ಇರುತ್ತದಲ್ಲ, ಅದರ ಅಕ್ಕಪಕ್ಕ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ. ಇದು ನಮ್ಮ ಕಂಪನಿಯ ಸೊತ್ತು, ಬರಹದಲ್ಲಿ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ತೋರಿಸಬಾರದು ಅಂತ. ದಿನಾ ಮಷಿನ್ ಮೇಲೆ ನೋಡಿ ನೋಡಿ ಆ ಸಾಲು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಜೊತೆಗೆ ಎಷ್ಟೋ ಜನ ಎನ್‌ಡಿಎಗೂ, ಅಂದರೆ ಗಿರಾಕಿಯ ಗುಟ್ಟು ಹೊರಗೆ ಬಿಡುವುದಿಲ್ಲ ಅನ್ನುವ ಒಪ್ಪಂದಕ್ಕೂ, ಸಹಿ ಮಾಡಿರುತ್ತಾರೆ. ಹೊರಡುವ ಮೊದಲು ಆ ಎನ್‌ಡಿಎಯನ್ನು ಫೈಲಿನಿಂದ ತೆಗೆದು ಒಂದು ಸಲ ಓದಿ.

ಗಿರಾಕಿ ಹುಡುಕಲು ಹೋಗುವ ಕೈಗಾರಿಕಾ ಮೇಳದಲ್ಲಿ ಆಗುವುದು ಹೀಗೆ. ಎದುರಿಗೆ ಕುಳಿತ ಜರ್ಮನ್ ಪರ್ಚೇಸ್ ಮ್ಯಾನೇಜರ್ ಕೇಳುತ್ತಾನೆ, ಇಷ್ಟು ಟೈಟ್ ಟಾಲರೆನ್ಸ್‌ನಲ್ಲಿ ಮೊದಲು ಏನು ಮಾಡಿದ್ದೀರಿ? ಖುಷಿಯಿಂದ ನಾವು ಹಳೇ ಗಿರಾಕಿಯ ಡ್ರಾಯಿಂಗ್ ತೆರೆದು ತೋರಿಸುತ್ತೇವೆ. ಅವನು ಚೆನ್ನಾಗಿದೆ ಅನ್ನುತ್ತಾನೆ. ಆದರೆ ಅವನಿಗೆ ಅಲ್ಲಿಯೇ ತಿಳಿದುಹೋಗುತ್ತದೆ, ನಾಳೆ ತನ್ನ ಡ್ರಾಯಿಂಗ್ ಕೂಡ ಇವರು ಹೀಗೇ ಇನ್ನೊಬ್ಬರಿಗೆ ತೋರಿಸುತ್ತಾರೆ ಅಂತ. ಆರ್ಡರ್ ಏಕೆ ಬರಲಿಲ್ಲ ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಇಲ್ಲೇ ಒಂದು ಸ್ಯಾಂಪಲ್ ಪೀಸ್ ನೀವೇ ಡಿಸೈನ್ ಮಾಡಿ ತಯಾರಿಸಿ. ಅದರ ಇನ್‌ಸ್ಪೆಕ್ಷನ್ ರಿಪೋರ್ಟ್ ಜೊತೆಗಿಡಿ. ಅದು ನಿಮ್ಮದೇ ಆಗಿರುವುದರಿಂದ ಯಾರಿಗೆ ಬೇಕಾದರೂ ತೋರಿಸಬಹುದು.

ವಿಮಾನ ಅಥವಾ ರಕ್ಷಣಾ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಬಂದ ಮೇಲೆ ನಮ್ಮ ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ಜಾಸ್ತಿ ಆಗಿದ್ದಾರೆ. ಇಂಥ ಕೆಲವು ವಸ್ತುಗಳು ನಮ್ಮ ಸರ್ಕಾರದ ಸ್ಕೋಮೆಟ್ ಪಟ್ಟಿಯಲ್ಲಿವೆ, ಅಂದರೆ ರಫ್ತಿಗೆ ನಿಯಂತ್ರಣ ಇರುವ ವಸ್ತುಗಳ ಪಟ್ಟಿಯಲ್ಲಿವೆ. ಆ ಪಟ್ಟಿ ಬರೀ ಮಾಲಿಗೆ ಅಲ್ಲ, ಮಾಲಿನ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆ. ಗಿರಾಕಿ ಅಮೆರಿಕದವನಾದರೆ ಅವರ ರಫ್ತು ಕಾನೂನೂ ಆ ಡ್ರಾಯಿಂಗಿನ ಬೆನ್ನಿಗೆ ಇರಬಹುದು. ಇಂಥ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಇಟ್ಟುಕೊಂಡು ದೇಶ ದಾಟಿದರೂ ಅದು ರಫ್ತು ಅನ್ನಿಸಿಕೊಳ್ಳಬಹುದು. ಸುಮ್ನೆ ಊಹೆ ಮಾಡಿಕೊಂಡು ಹೊರಡಬೇಡಿ. ಗಿರಾಕಿಗೆ ಒಂದು ಮೇಲ್ ಹಾಕಿ ಕೇಳಿ, ಉತ್ತರ ಬರಹದಲ್ಲೇ ಬರಲಿ. ಅನುಮಾನ ಉಳಿದರೆ ಡಿಜಿಎಫ್‌ಟಿ (ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ) ಕೆಲಸ ಗೊತ್ತಿರುವ ಕನ್ಸಲ್ಟಂಟ್ ಹತ್ತಿರ ಮಾತಾಡಿ.

ಇಮಿಗ್ರೇಷನ್‌ನಲ್ಲಿ ಫೋನ್ ತೆರೆದು ನೋಡುತ್ತಾರಾ ಅಂತಲೂ ಕೇಳುತ್ತಾರೆ. ದೇಶ ದೇಶಕ್ಕೂ ನಿಯಮ ಬೇರೆ. ಅಮೆರಿಕದ ಗಡಿಯಲ್ಲಿ ವಾರಂಟ್ ಇಲ್ಲದೆಯೂ ಫೋನ್, ಲ್ಯಾಪ್‌ಟಾಪ್ ಪರೀಕ್ಷೆ ಮಾಡುವ ಅಧಿಕಾರ ಅಧಿಕಾರಿಗಳಿಗಿದೆ. ಪಾಸ್‌ವರ್ಡ್ ಕೊಡಲ್ಲ ಅಂದರೆ ಸಾಧನವನ್ನು ಇಟ್ಟುಕೊಳ್ಳಬಹುದು. ವಿದೇಶಿಯರಿಗೆ ಒಳಗೆ ಬಿಡಬೇಕಾ ಅನ್ನುವ ತೀರ್ಮಾನದ ಮೇಲೂ ಅದು ಪರಿಣಾಮ ಬೀರಬಹುದು. ನ್ಯೂಜಿಲೆಂಡ್‌ನಲ್ಲಿ 2018ರ ಕಾನೂನಿನ ಪ್ರಕಾರ ಪಾಸ್‌ವರ್ಡ್ ಕೊಡದಿದ್ದರೆ 5,000 ನ್ಯೂಜಿಲೆಂಡ್ ಡಾಲರ್ ತನಕ ದಂಡ ಬೀಳಬಹುದು. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಸುಳ್ಳು ಹೇಳುವುದಂತೂ ಬೇಡವೇ ಬೇಡ. ಯಾರು ತೆರೆದು ನೋಡಿದರೂ ತಲೆ ಕೆಡದಂಥ ಲ್ಯಾಪ್‌ಟಾಪ್ ಕೈಯಲ್ಲಿದ್ದರೆ ಆ ನಿಮಿಷ ಸಲೀಸಾಗಿ ಕಳೆಯುತ್ತದೆ.

ಒಯ್ಯುವ ಲ್ಯಾಪ್‌ಟಾಪ್‌ನ ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿ, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಇರಲಿ. ವಿಂಡೋಸ್ ಪ್ರೊ ಇದ್ದರೆ ಇದಕ್ಕೆ ಅದರಲ್ಲೇ ಬಿಟ್‌ಲಾಕರ್ ಇದೆ, ಆ್ಯಪಲ್‌ನಲ್ಲಿ ಫೈಲ್‌ವಾಲ್ಟ್. ಬೇರೆ ಖರ್ಚಿಲ್ಲ. ಪಾಸ್‌ವರ್ಡ್ ಮರೆತರೆ ಡಿಸ್ಕ್ ತೆರೆಯುವ ರಿಕವರಿ ಕೀಯನ್ನು ಬರೆದು ಊರಲ್ಲೇ ಇಟ್ಟು ಹೋಗಿ. ಚೆಕಿಂಗ್‌ಗೆ ಮೊದಲು, ಹೋಟೆಲ್ ರೂಮು ಬಿಡುವ ಮೊದಲು ಪೂರ್ತಿ ಶಟ್‌ಡೌನ್ ಮಾಡಿ. ಬರೀ ಮುಚ್ಚಳ ಮುಚ್ಚಿದರೆ ಅದು ನಿದ್ದೆಯಲ್ಲಿರುತ್ತದೆ ಅಷ್ಟೇ, ಎನ್‌ಕ್ರಿಪ್ಷನ್‌ನ ಪೂರ್ತಿ ಲಾಭ ಸಿಗುವುದಿಲ್ಲ.

ಹೋಟೆಲ್ ವೈಫೈ ಬಗ್ಗೆ ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ಡಾರ್ಕ್‌ಹೋಟೆಲ್ ಅನ್ನುವ ಗುಂಪಿನ ಬಗ್ಗೆ ಕ್ಯಾಸ್ಪರ್‌ಸ್ಕಿ ಕಂಪನಿ 2014ರ ನವೆಂಬರ್‌ನಲ್ಲಿ ವರದಿ ಹೊರತಂದಿತು. ಏಷ್ಯಾದ ಒಳ್ಳೊಳ್ಳೆ ಹೋಟೆಲ್‌ಗಳಿಗೆ ಬರುವ ಕಂಪನಿ ಅಧಿಕಾರಿಗಳೇ ಇವರ ಗುರಿ. ಅತಿಥಿ ರೂಮಿಗೆ ಬಂದು, ವೈಫೈಗೆ ತನ್ನ ಹೆಸರು ಮತ್ತು ರೂಮ್ ನಂಬರ್ ಹಾಕುತ್ತಿದ್ದ. ಆಗ ಪರದೆ ಮೇಲೆ ಯಾವುದೋ ಪರಿಚಿತ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಬಂದಿದೆ ಅಂತ ಕಾಣುತ್ತಿತ್ತು. ಒತ್ತಿದರೆ ಕಳ್ಳ ಪ್ರೋಗ್ರಾಂ ಒಳಗೆ ಬಂದು ಕೂರುತ್ತಿತ್ತು. ಅದಕ್ಕೇ ಅಪ್‌ಡೇಟ್ ಇಲ್ಲೇ ಮುಗಿಸಿ ಅಂದಿದ್ದು. ಹೋಟೆಲ್‌ನಲ್ಲಿ ಏನೇ ಅಪ್‌ಡೇಟ್ ಕೇಳಿದರೂ ಒತ್ತಬೇಡಿ. ಕೆಲಸದ ಮೇಲ್‌ಗೆ, ಬ್ಯಾಂಕಿಗೆ ನಿಮ್ಮ ಫೋನಿನ ಡೇಟಾವನ್ನೇ ಹಾಟ್‌ಸ್ಪಾಟ್ ಮಾಡಿಕೊಳ್ಳಿ. ರೋಮಿಂಗ್ ಪ್ಯಾಕಿನ ದುಡ್ಡು ಉಳಿಸುವ ಜಾಗ ಇದಲ್ಲ.

ಮೇಳದಲ್ಲಿ ಕ್ಯಾಟಲಾಗ್ ಇರುವ ಪೆನ್‌ಡ್ರೈವ್ ಉಚಿತವಾಗಿ ಕೊಡುತ್ತಾರೆ. ತಗೊಳ್ಳಿ, ಆದರೆ ಲ್ಯಾಪ್‌ಟಾಪ್‌ಗೆ ಹಾಕಬೇಡಿ. ಕ್ಯಾಟಲಾಗ್ ಮೇಲ್ ಮಾಡಿ ಅನ್ನಿ. ರೂಮಿನ ತಿಜೋರಿಯನ್ನು ಹೋಟೆಲ್‌ನವರೂ ತೆರೆಯಬಲ್ಲರು. ಪಾಸ್‌ಪೋರ್ಟ್ ಇಡಲು ಅಡ್ಡಿಯಿಲ್ಲ, ಲ್ಯಾಪ್‌ಟಾಪ್ ಅಲ್ಲಿ ಭದ್ರ ಅಂದುಕೊಳ್ಳಬೇಡಿ.

ಇನ್ನು ಬಾಯಿ ಮಾತು. ಕನ್ನಡದಲ್ಲೋ ಮರಾಠಿಯಲ್ಲೋ ಮಾತಾಡಿದರೆ ಜರ್ಮನಿಯಲ್ಲಿ ಯಾರಿಗೆ ಅರ್ಥ ಆದೀತು ಅನ್ನುವ ಧೈರ್ಯ ನಮ್ಮವರಿಗೆ ಬಹಳ. ಹ್ಯಾನೋವರ್ ಮೇಳಕ್ಕೆ, ಡ್ಯುಸೆಲ್‌ಡಾರ್ಫ್‌ನಲ್ಲಿ 4 ವರ್ಷಕ್ಕೊಮ್ಮೆ ನಡೆಯುವ ಗಿಫಾ ಫೌಂಡ್ರಿ ಮೇಳಕ್ಕೆ ನೀವು ಒಬ್ಬರೇ ಹೋಗುವುದಿಲ್ಲ. ಕೊಲ್ಹಾಪುರದವರು, ರಾಜಕೋಟದವರು, ಕೊಯಮತ್ತೂರಿನವರು ಅದೇ ಗಿರಾಕಿಯನ್ನು ಹುಡುಕಿಕೊಂಡು ಬಂದಿರುತ್ತಾರೆ. ಮುಂಬೈ ವಿಮಾನದಲ್ಲಿ ನಿಮ್ಮ ಹಿಂದಿನ ಸೀಟಿನಲ್ಲೇ ಕೂತಿರಬಹುದು. ಕಿಲೋಗೆ ಎಷ್ಟಕ್ಕೆ ಇಳಿಯೋಣ ಅಂತ ಫೋನಿನಲ್ಲಿ ಗಟ್ಟಿಯಾಗಿ ಮಾತಾಡಿದರೆ, ಯಾವ ಹ್ಯಾಕರ್ ಕೂಡ ಬೇಕಾಗಿಲ್ಲ. ರೇಟಿನ ಮಾತು ರೂಮಿಗೆ ಬಂದ ಮೇಲೆ ಆಡಿ.

ಇಷ್ಟೆಲ್ಲ ಹೇಳಿದರೂ ನನಗೆ ಜಾಸ್ತಿ ಭಯ ಇರುವುದು ಜರ್ಮನಿಯದಲ್ಲ, ಉದ್ಯಮಬಾಗದ ನಿಮ್ಮ ಆಫೀಸಿನದು. ಮಾಲಕರು ಊರಲ್ಲಿಲ್ಲ ಅನ್ನುವುದು ಗೊತ್ತಾದ ದಿನವೇ ಮೋಸಗಾರರಿಗೆ ಹಬ್ಬ. ಅದು ಗೊತ್ತಾಗುವುದು ಹೇಗೆ? ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ತೆಗೆದ ಫೋಟೊ ಸ್ಟೇಟಸ್‌ಗೆ, ಫೇಸ್‌ಬುಕ್‌ಗೆ ನಾವೇ ಹಾಕಿರುತ್ತೇವೆ.

ಮಾರನೆಯ ದಿನ ಅಕೌಂಟಂಟ್ ಫೋನಿಗೆ ಹೊಸ ನಂಬರಿನಿಂದ ವಾಟ್ಸಾಪ್ ಬರುತ್ತದೆ. ಡಿಪಿಯಲ್ಲಿ ನಿಮ್ಮದೇ ಫೋಟೊ. 'ಇದು ನನ್ನ ಇಲ್ಲಿನ ನಂಬರ್. ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ. ಈ ಅಕೌಂಟಿಗೆ ನಾಲ್ಕು ಲಕ್ಷ ತಕ್ಷಣ ಹಾಕಿ, ಸ್ಯಾಂಪಲ್ ಬಿಡಿಸಬೇಕು.' ಪಾಪ, ಅವರು ಏನು ಮಾಡಬೇಕು? ನೀವು ನಿಜಕ್ಕೂ ಪರದೇಶದಲ್ಲಿದ್ದೀರಿ, ನಿಜಕ್ಕೂ ಮೀಟಿಂಗ್‌ನಲ್ಲಿದ್ದೀರಿ. ತಡ ಮಾಡಿದರೆ ಬೈಸಿಕೊಳ್ಳಬೇಕು ಅನ್ನುವ ಹೆದರಿಕೆ ಬೇರೆ. ಇದರ ಇನ್ನೊಂದು ರೂಪವೂ ಇದೆ. ಸಪ್ಲೈಯರ್ ಹೆಸರಿನಿಂದ ಮೇಲ್ ಬರುತ್ತದೆ, ನಮ್ಮ ಬ್ಯಾಂಕ್ ಬದಲಾಗಿದೆ, ಇನ್ನು ಮೇಲೆ ಈ ಹೊಸ ಅಕೌಂಟಿಗೆ ಹಾಕಿ ಅಂತ. ಮೇಲ್ ಐಡಿಯಲ್ಲಿ ಒಂದೇ ಒಂದು ಅಕ್ಷರ ವ್ಯತ್ಯಾಸ ಇರುತ್ತದೆ. ಅವಸರದಲ್ಲಿ ಯಾರ ಕಣ್ಣಿಗೂ ಬೀಳದು.

ಹಾಗಾಗಿ ಹೊರಡುವ ಹಿಂದಿನ ದಿನ ಅಕೌಂಟಂಟ್‌ನ್ನು ಕೂರಿಸಿಕೊಂಡು ಸ್ಪಷ್ಟವಾಗಿ ಹೇಳಿ. ನಾನು ಹೊರಗಿದ್ದಾಗ ಹೊಸ ಅಕೌಂಟಿಗೆ ರೊಕ್ಕ ಹಾಕುವುದಿಲ್ಲ. ಮೆಸೇಜ್ ನೋಡಿ ಹಾಕುವುದಿಲ್ಲ, ಮೇಲ್ ನೋಡಿ ಹಾಕುವುದಿಲ್ಲ. ಹಳೇ ನಂಬರಿಗೆ ಫೋನ್ ಮಾಡಿ, ನನ್ನ ಜೊತೆ ಮಾತಾಡಿಯೇ ಹಾಕಬೇಕು. ಮನೆಯವರಿಗೆ, ಅಕೌಂಟಂಟ್‌ಗೆ, ನಿಮಗೆ ಮಾತ್ರ ಗೊತ್ತಿರುವ ಒಂದು ಗುರುತಿನ ಮಾತು ಇಟ್ಟುಕೊಳ್ಳಿ. ಈಗ ದನಿಯನ್ನೂ ನಕಲು ಮಾಡುತ್ತಾರೆ, ಅದಕ್ಕೆ ಇದು ಬೇಕು. ಇನ್ನೊಂದು ಮಾತು ಅವರಿಗೆ ಖಂಡಿತ ಹೇಳಿ: 'ಅನುಮಾನ ಬಂದು ಪೇಮೆಂಟ್ ನಿಲ್ಲಿಸಿದ್ರ ನಾ ಬೈಯೂದಿಲ್ಲ.' ಈ ಭರವಸೆ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಮಾತಾಗುತ್ತದೆ. ಒಂದು ವೇಳೆ ರೊಕ್ಕ ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ನೀವು ವಾಪಸ್ ಬರುವ ತನಕ ಕಾಯಬಾರದು.

ದುಡ್ಡು, ಕಾಗದಪತ್ರದ ವಿಚಾರ ಬೇಗ ಮುಗಿಸುತ್ತೇನೆ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳು ವಿದೇಶದಲ್ಲಿ ತಾವಾಗಿ ನಡೆಯುವುದಿಲ್ಲ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿ ಹಾಕಿ, ವಾಪಸ್ ಬಂದ ಮೇಲೆ ಆಫ್ ಮಾಡಿ. ಹೆಚ್ಚಿನ ದೇಶಗಳಿಗೆ ವಿದೇಶಿ ನೋಟು ಒಂದು ಸಲಕ್ಕೆ 3,000 ಅಮೆರಿಕನ್ ಡಾಲರ್ ಮೌಲ್ಯದಷ್ಟು ಮಾತ್ರ ಒಯ್ಯಬಹುದು, ಉಳಿದದ್ದು ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್‌ನಲ್ಲಿರಲಿ. ಒಟಿಪಿ ಬರುವುದು ಊರಿನ ಸಿಮ್‌ಗೆ, ಹಾಗಾಗಿ ಅದನ್ನು ತೆಗೆದು ಬಿಸಾಕಬೇಡಿ. ಜರ್ಮನಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಹೇಗೂ ಮಾಡಿಸಿರುತ್ತೀರಿ, ಅದರ ಪಾಲಿಸಿ ನಂಬರ್ ಮನೆಯಲ್ಲೂ ಕೊಟ್ಟು ಹೋಗಿ.

ದೊಡ್ಡ ರೈಲ್ವೆ ಸ್ಟೇಷನ್‌ಗಳಲ್ಲಿ ಮೈಮೇಲೆ ಏನೋ ಚೆಲ್ಲಿ ಒರೆಸಲು ಬರುವವರು, ದಾರಿ ಕೇಳುವ ನೆಪದಲ್ಲಿ ನಿಲ್ಲಿಸುವವರು ಇರುತ್ತಾರೆ. ಮೊದಲು ಬ್ಯಾಗ್ ಹಿಡಿದುಕೊಳ್ಳಿ, ಬಟ್ಟೆ ಆಮೇಲೆ ಒರೆಸಿಕೊಂಡರಾಯಿತು. ಯುರೋಪಿನಲ್ಲಿ ತುರ್ತು ನಂಬರ್ 112. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರಿನ ಪ್ರತಿ ಹಿಡಿದುಕೊಂಡು ಭಾರತದ ರಾಯಭಾರ ಕಚೇರಿಗೋ ಕಾನ್ಸುಲೇಟ್‌ಗೋ ಹೋಗಬೇಕು. ಅಲ್ಲಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಮೇಲೆ ಭಾರತಕ್ಕೆ ವಾಪಸ್ ಬರಬಹುದು, ಅಷ್ಟೇ. ಅದನ್ನು ಹಿಡಿದುಕೊಂಡು ದುಬೈ ಕೆಲಸಕ್ಕೆ ಹೋಗಲಾಗದು.

ದುಬೈನಲ್ಲಿ ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಅದರ ಕಾಲ್ ಮಾತ್ರ ಅಲ್ಲಿನ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಕಾಲ್ ಆಗಲಿ ಅಂತ ಯಾವುದೋ ಉಚಿತ ವಿಪಿಎನ್ ಹಾಕಿಕೊಳ್ಳಬೇಡಿ. ವಿಪಿಎನ್ ದುರುಪಯೋಗಕ್ಕೆ ಅಲ್ಲಿ ಕಠಿಣ ಶಿಕ್ಷೆ ಇದೆ. ಊರಿಗೆ ಮಾತಾಡಲು ಮಾಮೂಲಿ ರೋಮಿಂಗ್ ಕಾಲ್ ಸಾಕು. ಅಕೌಂಟಂಟ್ ಜೊತೆಗೂ ಇದನ್ನು ಮೊದಲೇ ಮಾತಾಡಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಫೋನ್ ಹತ್ತುತ್ತಿಲ್ಲ ಅನ್ನುವುದೇ ಮೋಸಗಾರನಿಗೆ ಅನುಕೂಲ ಆಗುತ್ತದೆ.

ವಾಪಸ್ ಬಂದ ಮೇಲೆ ಆ ಲ್ಯಾಪ್‌ಟಾಪ್‌ನ್ನು ಆಫೀಸಿನ ನೆಟ್‌ವರ್ಕ್‌ಗೆ ಹಚ್ಚುವ ಮೊದಲು ಮತ್ತೆ ಅಳಿಸಿಸಿ. ಪ್ರವಾಸದಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನು ಆಫೀಸಿನ ಬೇರೆ ಕಂಪ್ಯೂಟರಿನಿಂದ ಬದಲಿಸಿ. ಎಲ್ಲಾದರೂ ಅಧಿಕಾರಿಗಳು ಲ್ಯಾಪ್‌ಟಾಪ್ ಒಳಗೆ ಒಯ್ದು ವಾಪಸ್ ಕೊಟ್ಟಿದ್ದರೆ, ಅದರಲ್ಲಿ ಯಾವುದೇ ಗಿರಾಕಿಯ ಫೈಲ್ ಇದ್ದರೆ, ಆ ಗಿರಾಕಿಗೆ ಅದೇ ದಿನ ಮೇಲ್‌ನಲ್ಲಿ ತಿಳಿಸಿ. ಯಾವ ಫೈಲ್, ಎಲ್ಲಿ, ಎಷ್ಟು ಹೊತ್ತು ನಿಮ್ಮ ಕೈಯಲ್ಲಿ ಇರಲಿಲ್ಲ ಅನ್ನುವುದನ್ನು ಇದ್ದ ಹಾಗೆ ಬರೆಯಿರಿ.